ನಿಂತಲ್ಲೇ ಓಡಿದ ಸೈಕಲ್ಲು

ನನ್ನ ಹೆಂಡತಿಗೆ ರಸಿಕತೆ ಇಲ್ಲ ಎಂದು ನಾನು ಎಲ್ಲೂ ಹೇಳಿಕೊಂಡು ತಿರುಗಿಲ್ಲ. ನನ್ನನ್ನು ಮೆಚ್ಚಿ ಮದುವೆಯಾದವಳ ಮೇಲೆ ಅಂಥ ಆರೋಪ ಹೊರಿಸಿದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬಷ್ಟು ಬುದ್ಧಿ ನನಗೂ ಇದೆ. ಆದರೆ ಅರವತ್ತು ವರ್ಷ ಹಳೆಯದಾದ, ಫ್ರಾನ್ಸಿನ ಯಾವುದೋ ಪುಟ್ಟ ಕಾರ್ಯಾಗಾರದಲ್ಲಿ ಕೈಯಿಂದ ಉಜ್ಜಿ ಉಜ್ಜಿ ಮಾಡಿದ, ದೂರದೂರದ ಪ್ರವಾಸಕ್ಕೆಂದೇ ಹುಟ್ಟಿದ ಸೈಕಲ್ಲೊಂದನ್ನು ಗಂಡ ಮನೆಗೆ ತಂದು ನಿಲ್ಲಿಸಿದಾಗ, ಹೆಂಡತಿಯಾದವಳು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ "ಇದನ್ನ ಎಲ್ಲಿ ಇಡ್ತೀರಿ?" ಎಂಬುದೇ? ನೀವೇ ಹೇಳಿ.

"ಮೊದಲು ಮಡ್‌ಗಾರ್ಡ್ ನೋಡು," ಎಂದೆ. "ಅಲ್ಯೂಮಿನಿಯಂ ತಗಡನ್ನ ಸುತ್ತಿಗೆಯಿಂದ ತಟ್ಟಿ ತಟ್ಟಿ ಎಷ್ಟು ಚುಕ್ಕಿ ಎಬ್ಬಿಸಿದಾರೆ! ಯಾಕೆ ಗೊತ್ತಾ? ಹಗುರಾಗಿದ್ರೂ ಗಟ್ಟಿಯಾಗಿರ್ಲಿ ಅಂತ."

"ನಮ್ಮನೆ ಪಾತ್ರೆಗಳೂ ಹಾಗೇ ಇವೆ. ಅವನ್ನ ಯಾರೂ ತಟ್ಟಲಿಲ್ಲ, ನೀವು ತೊಳೆದಿರಿ ಅಷ್ಟೆ."

"ಈ ಕ್ಯಾನ್ವಾಸ್ ಚೀಲ ನೋಡು. ಹ್ಯಾಂಡಲ್ ಮುಂದೇನೇ ಕೂತಿದೆ. ಸವಾರ ಅದರ ಮೇಲೆ ನಕ್ಷೆ ಇಟ್ಕೊಂಡು ತುಳೀತಾ ತುಳೀತಾನೇ ಓದಬಹುದು."

"ರೀ, ನೀವು ಕಾರ್ಖಾನೆಗೆ ಬಸ್ಸಲ್ಲಿ ಹೋಗೋರು. ಬಸ್ಸಿನ ಬೋರ್ಡನ್ನೇ ಸರಿಯಾಗಿ ಓದಲ್ಲ ನೀವು."

ಇಂಥ ಸೈಕಲ್ಲಿನ ಸವಾರರನ್ನು ಫ್ರೆಂಚರು 'ರಾಂದೊನರ್' ಎಂದು ಕರೆಯುತ್ತಾರೆ. ಪಂದ್ಯವಿಲ್ಲ, ಬಹುಮಾನವಿಲ್ಲ, ಸುಮ್ಮನೆ ನೂರಾರು ಮೈಲಿ ಬೆಟ್ಟ ಹತ್ತಿ ಇಳಿದು ಬರುವ ಮಹಾನುಭಾವರು. (ಇದನ್ನು ವಿವರಿಸಿದಾಗ ನನ್ನ ಹೆಂಡತಿ "ಅಂದ್ರೆ ಕೆಲಸ ಇಲ್ಲದವರು" ಎಂದು ಎರಡೇ ಪದಗಳಲ್ಲಿ ಅನುವಾದಿಸಿದಳು.)

ನಾನು ಸ್ಕ್ರೂ ಕಾರ್ಖಾನೆಯ ತಪಾಸಣೆ ಮೇಜಿನವನು. ನೂರಕ್ಕೊಂದು ಸ್ಕ್ರೂ ಎತ್ತಿ, ವರ್ನಿಯರ್ ಕ್ಯಾಲಿಪರಿನ ದವಡೆಗೆ ಕೊಟ್ಟು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬುಟ್ಟಿಗೆ ಎಸೆಯುವುದು ನನ್ನ ಕಸುಬು. ಬೆಳಗಿನಿಂದ ಸಂಜೆಯವರೆಗೆ ಒಂದೇ ಥರದ ಸ್ಕ್ರೂಗಳ ಮುಖ ನೋಡುವವನಿಗೆ, ನಮ್ಮ ಕಾರ್ಖಾನೆಯ ನಾನೂರು ನಮೂನೆಗಳಲ್ಲಿ ಒಂದಕ್ಕೂ ಹೊಂದದ ಸ್ಕ್ರೂಗಳಿರುವ ಸೈಕಲ್ಲು ಕಣ್ಣಿಗೆ ಬಿದ್ದರೆ ಏನಾಗಬೇಡ? ನಾನು ಪ್ರೇಮಪರವಶನಾದೆ.

ಅದರ ಹಿಂದಿನ ಯಜಮಾನರು ಗಡಿಯಾರ ರಿಪೇರಿಯವರು. ತೀರಿಹೋಗಿ ಕೆಲವು ವರ್ಷವಾಗಿತ್ತು. ವಯಸ್ಸಾದ ಮೇಲೆ ಸೊಂಟ ಹಿಡಿದೀತು ಎಂದು ಮೊದಲೇ ಯೋಚಿಸಿದ್ದರೋ ಏನೋ, ಕಾಲೆತ್ತಿ ದಾಟಿಸಬೇಕಾದ ಅಡ್ಡ ಕಂಬಿ ಆ ಸೈಕಲ್ಲಿಗೆ ಇರಲಿಲ್ಲ. ಬದಲಿಗೆ ಎರಡು ತೆಳು ನಳಿಗೆಗಳು ಹ್ಯಾಂಡಲಿನ ಬುಡದಿಂದ ಹಿಂದಿನ ಗಾಲಿಯವರೆಗೆ ಜಾರಿ ಇಳಿದಿದ್ದವು. ಮಾರಿದವನು ಅವರ ಸೋದರಳಿಯ.

"ಮಾವ ಹೋದಮೇಲೆ ಇದನ್ನ ಯಾರೂ ಹತ್ತಿಲ್ಲ," ಎಂದ ಅವನು, ಕೋಣೆಯ ಬೀಗ ತೆಗೆಯುತ್ತಾ. "ಹಿಂದಿನ ಗಾಲಿ ಮಾತ್ರ ಆಗಾಗ ಒಂದು ಸುತ್ತು ಬರುತ್ತೆ. ಗಾಳಿ ಇರಬೇಕು."

ಸೈಕಲ್ಲನ್ನು ಹೊರಗೆ ತಂದು ಮನೆಯ ದಾರಿ ಅರ್ಧ ನಡೆದ ಮೇಲೆ ನನಗೆ ಹೊಳೆಯಿತು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ಇದ್ದ ಒಂದೇ ಜಾಗವೆಂದರೆ ಅತ್ತೆಯ ಕೋಣೆ. ನನ್ನ ಹೆಂಡತಿಯ ತಾಯಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಕಾಣದವರ ಮಾತನ್ನು ಕಾಣದವರಿಗೆ ಕೂಡಿಸಿ ನಿವೃತ್ತರಾದವರು. ಮಂಡಿ ಹಿಡಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಮಂಚದಿಂದ ಕುರ್ಚಿಗೆ ಬರಲು ಕೋಲು ಬೇಕು, ಮೂರು ಸಲ ಉಸ್ಸೆನ್ನಬೇಕು. ಡಾಕ್ಟರು "ಮಂಡಿ ಮಡಚಿ ಮಡಚಿ ಅಭ್ಯಾಸ ಮಾಡಿ" ಎಂದರೆ, "ಮಡಚೋಕೆ ಬರೋ ಹಾಗಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ದೆ?" ಎಂದು ಕೇಳಿ ಎದ್ದು ಬಂದಿದ್ದರು.

ಸೈಕಲ್ಲನ್ನು ಕಂಡು ಅವರು ಕನ್ನಡಕ ಏರಿಸಿದರು. "ಅಳಿಯಂದ್ರೇ, ಇದು ಸೈಕಲ್ಲೋ, ಸೈಕಲ್ಲಿನ ಎಕ್ಸ್‌ರೇನೋ? ನಾನಿರೋ ಕೋಣೇಲಿ ಈ ಅಸ್ಥಿಪಂಜರ ಇರಕೂಡದು. ಇದಿರಬೇಕು, ಇಲ್ಲ ನಾನಿರಬೇಕು."

ಕೊನೆಗೆ ಹೆಂಡತಿಯೇ ತೀರ್ಪು ಕೊಟ್ಟಳು. ನಮ್ಮೂರಿನಲ್ಲಿ ಹಳೇ ಪ್ರವಾಸಿ ಸೈಕಲ್ಲುಗಳ ರಸಿಕರ ಕೂಟವೊಂದಿದೆ. ನಾನು ಅದರ ಸದಸ್ಯತ್ವಕ್ಕೆ ಬರೆದುಕೊಂಡಿದ್ದೆ. ಬರುವ ತಿಂಗಳ ಮೊದಲ ಭಾನುವಾರ ಅವರು ಸೈಕಲ್ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಸೈಕಲ್ಲು ಉಳಿಯುತ್ತದೆ. ಒಪ್ಪದಿದ್ದರೆ ಅವತ್ತೇ ಸಂಜೆ ಗುಜರಿಗೆ. "ನಾಲ್ಕು ವಾರ ತಾನೆ, ಸಹಿಸ್ಕೋತೀನಿ," ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಕೂಟದ ಅಧ್ಯಕ್ಷರು ನಿವೃತ್ತ ದಂತವೈದ್ಯರು. ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ನಾವು ಸೀಟು ನೋಡ್ತೀವಿ ಕಣ್ರೀ. ಮಿಕ್ಕಿದ್ದನ್ನ ಯಾರು ಬೇಕಾದ್ರೂ ಉಜ್ಜಿ ಹೊಳೆಸ್ತಾರೆ. ಸೀಟು ಸುಳ್ಳು ಹೇಳಲ್ಲ."

ಇದರ ಮರ್ಮ ನನಗೆ ಗೊತ್ತಿತ್ತು. ಇಂಥ ಸೈಕಲ್ಲುಗಳ ಸೀಟು ದಪ್ಪ ತೊಗಲಿನದು. ವರ್ಷಗಟ್ಟಲೆ ಕೂತವನ ಮೂಳೆ ಒತ್ತಿ ಒತ್ತಿ ಎರಡು ಗುಳಿ ಬೀಳುತ್ತವೆ. ಆ ಗುಳಿಗಳೇ ಸವಾರನ ಹಸ್ತಾಕ್ಷರ. (ಹಸ್ತದಿಂದ ಹಾಕಿದ್ದಲ್ಲ, ನಿಜ.) ಹಾಗಾಗಿ ನಾನು ಆ ಸೀಟಿನ ಮೇಲೆ ಕೂರುವುದಿರಲಿ, ಕೂತಂತೆ ಕನಸು ಕೂಡ ಕಾಣಲಿಲ್ಲ. ಟೈರು ಚಪ್ಪಟೆಯಾಗದಿರಲಿ ಎಂದು ಮರದ ಸ್ಟ್ಯಾಂಡು ಮಾಡಿ ಹಿಂದಿನ ಗಾಲಿ ನೆಲ ಮುಟ್ಟದಂತೆ ನಿಲ್ಲಿಸಿದೆ. ಕೋಣೆ ಇಕ್ಕಟ್ಟು, ಸೈಕಲ್ಲು ಅತ್ತೆಯ ಮಂಚಕ್ಕೆ ಒತ್ತಿಕೊಂಡೇ ನಿಂತಿತು. ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಿಂದ ಒರೆಸುವೆ. ಕ್ಯಾಲಿಪರ್ ಹಿಡಿದು ಗುಳಿಗಳ ಆಳ ಅಳೆದು ನೋಟುಬುಕ್ಕಿನಲ್ಲಿ ಬರೆಯುವೆ. ಎಡಗುಳಿ ಆರು ಮಿಲಿಮೀಟರು, ಬಲಗುಳಿ ಆರು ಮಿಲಿಮೀಟರು. ಗಡಿಯಾರದವರಲ್ಲವೇ, ಕೂರುವುದರಲ್ಲೂ ಸಮತೋಲ.

ಮೊದಲ ವಾರ ಕಳೆದ ಮೇಲೆ ಒಂದು ಸಂಜೆ ಕೆಲಸದಿಂದ ಬಂದು ಕೋಣೆಯ ಬಾಗಿಲು ತಳ್ಳಿದೆ. ಹಿಂದಿನ ಗಾಲಿ ತಿರುಗುತ್ತಿತ್ತು.

ಜೋರಾಗಲ್ಲ. ಟಿಕ್, ಟಿಕ್, ಟಿಕ್ ಎಂದು, ಯಾರೋ ಈಗಷ್ಟೇ ಇಳಿದು ಹೋದ ಹಾಗೆ. ನಾನು ನೋಡುತ್ತಿದ್ದಂತೆಯೇ ನಿಧಾನವಾಗಿ ನಿಂತಿತು. ಕೋಣೆಯಲ್ಲಿ ಅತ್ತೆಯನ್ನು ಬಿಟ್ಟರೆ ಯಾರೂ ಇಲ್ಲ. ಅವರು ಕುತ್ತಿಗೆಯವರೆಗೆ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೊದಿಕೆ ಏರಿ ಇಳಿಯುತ್ತಿತ್ತು.

"ಅತ್ತೇ, ಈ ಗಾಲಿ ಯಾಕೆ ತಿರುಗ್ತಿದೆ?"

"ಯಾವ ಗಾಲಿ?" ಕಣ್ಣು ತೆರೆಯಲಿಲ್ಲ.

"ನಿಮಗೆ ಏದುಸಿರು ಬರ್ತಿದೆಯಲ್ಲ?"

"ಕನಸು," ಎಂದರು. "ಯಾರೋ ಅಟ್ಟಿಸಿಕೊಂಡು ಬಂದ ಹಾಗಿತ್ತು."

ನಾನು ಸೀಟಿನ ಮೇಲೆ ಅಂಗೈ ಇಟ್ಟೆ. ಜ್ವರ ಬಂದವರ ಹಣೆ ಮುಟ್ಟಿದಂತಾಯಿತು. ತೊಗಲು ಬೆಚ್ಚಗಿತ್ತು.

ಹೆಂಡತಿಗೆ ಹೇಳಿದೆ. "ಬಿಸಿಲು ಬಿದ್ದಿರುತ್ತೆ," ಎಂದಳು.

"ಆ ಕೋಣೆಗೆ ಬಿಸಿಲೇ ಬರಲ್ಲ."

"ಹಾಗಾದ್ರೆ ಅಮ್ಮನ್ನ ಕೇಳಿ."

"ಕೇಳಿದೆ. ಅವರನ್ನ ಕನಸಲ್ಲಿ ಯಾರೋ ಅಟ್ಟಿಸಿಕೊಂಡು ಬಂದ್ರಂತೆ."

ನನ್ನ ಹೆಂಡತಿ ತಟಕ್ಕನೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಕೆಮ್ಮಿದಳು. ಪಾಪ, ಅವಳಿಗೂ ಭಯವಾಗಿರಬೇಕು, ತೋರಿಸಿಕೊಳ್ಳುತ್ತಿಲ್ಲ ಎಂದುಕೊಂಡೆ.

ಎರಡನೇ ವಾರ ಸಂದೇಶಗಳು ಬರತೊಡಗಿದವು. ಒಂದು ಬೆಳಿಗ್ಗೆ ನಾನು ಬಟ್ಟೆ ಹಿಡಿದು ಒಳಗೆ ಹೋದಾಗ ಅತ್ತೆ ಸೂರನ್ನೇ ನೋಡುತ್ತಾ ಹೇಳಿದರು: "ಅಳಿಯಂದ್ರೇ, ನಿಮಗೊಂದು ಮಾತು ಬಂದಿದೆ."

"ಯಾರಿಂದ?"

"ಹೆಸರು ಹೇಳಲಿಲ್ಲ. ನಿನ್ನೆ ಮಧ್ಯಾಹ್ನ ಜೊಂಪು ಹತ್ತಿದಾಗ ಕಿವಿ ಹತ್ರ ಬಂದು ಹೇಳಿ ಹೋದ್ರು. ಸೀಟು ಎರಡು ಬೆರಳಷ್ಟು ಇಳಿಸಬೇಕಂತೆ. ಕಾಲು ಎಟುಕ್ತಾ ಇಲ್ವಂತೆ."

ಆ ದನಿಯನ್ನು ನೀವು ಕೇಳಬೇಕಿತ್ತು. ಏರಿಲ್ಲ, ಇಳಿತವಿಲ್ಲ. ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಸಾವು, ಹುಟ್ಟು, ಬಸ್ಸು ತಪ್ಪಿದ್ದು ಎಲ್ಲವನ್ನೂ ಒಂದೇ ರಾಗದಲ್ಲಿ ದಾಟಿಸಿದ ದನಿ. ಕಾರ್ಖಾನೆಯಿಂದ, ಸೈಕಲ್ಲು ಮಾರಿದ ಸೋದರಳಿಯನಿಗೆ ಫೋನು ಮಾಡಿದೆ.

"ನಿಮ್ಮ ಮಾವ ಕುಳ್ಳಗಿದ್ರಾ?"

"ಇಲ್ವಲ್ಲ, ಆರಡಿ. ಯಾಕೆ?"

ಯಾಕೆಂದು ಹೇಗೆ ಹೇಳಲಿ? ಸತ್ತ ಮೇಲೆ ಮನುಷ್ಯ ಒಂದಿಷ್ಟು ಕುಗ್ಗಬಹುದು, ಆ ಕಡೆಯ ಹವೆ ಒಗ್ಗಬೇಕಲ್ಲ, ಎಂದು ಸಮಾಧಾನ ತಂದುಕೊಂಡು ಸ್ಪ್ಯಾನರ್ ಹಿಡಿದೆ. ಅರವತ್ತು ವರ್ಷ ಯಾರೂ ಅಲುಗಿಸದ ಬೋಲ್ಟು. ಅದನ್ನು ಸಡಿಲಿಸುವಾಗ 'ಕಿರ್' ಎಂದು ಬಂದ ಸದ್ದು ಇವತ್ತಿಗೂ ನನ್ನ ಹಲ್ಲಿನ ಬುಡದಲ್ಲಿದೆ. ಎರಡು ಬೆರಳು ಇಳಿಸಿದೆ. ರಸಿಕರ ಕೂಟಕ್ಕೆ ಏನು ಉತ್ತರ ಹೇಳುವುದು ಎಂಬ ಭಯ ಒಂದು ಕಡೆ. ಇಳಿಸದಿದ್ದರೆ ಕೇಳಿದವರು ಏನು ಮಾಡುತ್ತಾರೋ ಎಂಬ ಭಯ ಇನ್ನೊಂದು ಕಡೆ. ನಾನು ಹತ್ತಿರದಲ್ಲಿದ್ದ ಭಯವನ್ನು ಆರಿಸಿಕೊಂಡೆ.

ಆಮೇಲೆ ಮಾತುಗಳು ದಿನಾ ಬಂದವು. ಹ್ಯಾಂಡಲ್ಲು ಎತ್ತರಿಸಬೇಕಂತೆ, ಬಗ್ಗಿದರೆ ಬೆನ್ನು ಹಿಡಿಯುತ್ತದಂತೆ. ತುಳಿಯಲು ಭಾರವಂತೆ, ಹಗುರ ಮಾಡಬೇಕಂತೆ. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿಸಿದೆ.

"ಸೆಖೆಯಂತೆ," ಎಂದರು ಅತ್ತೆ ಇನ್ನೊಂದು ದಿನ.

"ಯಾರಿಗೆ, ಅವರಿಗಾ?"

"ನನಗೇನೂ ಸೆಖೆಯಿಲ್ಲಪ್ಪ. ಫ್ಯಾನು ಬೇಕಂತೆ. ಒಂದು ಜಗ್ಗು ನೀರೂ ಇಟ್ಟಿರಬೇಕಂತೆ."

ನಾನು ಹಜಾರದ ಟೇಬಲ್ ಫ್ಯಾನನ್ನು ತಂದು ಸೈಕಲ್ಲಿಗೆ ಮುಖ ಮಾಡಿ ಇಟ್ಟೆ, ಹ್ಯಾಂಡಲಿನ ಪಕ್ಕ ಸ್ಟೂಲಿನ ಮೇಲೆ ನೀರಿನ ಜಗ್ಗು. ಸಂಜೆ ಬಂದು ನೋಡಿದರೆ ಜಗ್ಗು ಖಾಲಿ. ಬೆಳಕಿಗೆ ಹಿಡಿದೆ. ಅಂಚಿನಲ್ಲಿ ತುಟಿಯ ಗುರುತು. ಸತ್ತವರಿಗೆ ಬಾಯಾರಿಕೆ ಇರಬಹುದು, ಒಪ್ಪೋಣ. ಆದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಸೈಕಲ್ಲಿನ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು.

ಎಲ್ಲಕ್ಕಿಂತ ಘೋರವಾದದ್ದು ನೋಟುಬುಕ್ಕು. ನಾಲ್ಕನೇ ವಾರದ ಕೊನೆಗೆ ಬಲಗುಳಿ ಒಂಬತ್ತು ಮಿಲಿಮೀಟರು, ಎಡಗುಳಿ ಏಳು. ಎರಡು ಗುಳಿಗಳೂ ಒಂದರಿಂದೊಂದು ಹನ್ನೊಂದು ಮಿಲಿಮೀಟರು ದೂರ ಸರಿದಿದ್ದವು. ಮೂರು ಸಲ ಅಳೆದೆ. ಕ್ಯಾಲಿಪರು ಸುಳ್ಳು ಹೇಳುತ್ತದೆ ಎನ್ನುವುದಾದರೆ ನನ್ನ ಆರು ವರ್ಷದ ನೌಕರಿಯೇ ಸುಳ್ಳು. ಆ ದಿನ ಕಾರ್ಖಾನೆಯಲ್ಲಿ ಕೆಂಪು ಬುಟ್ಟಿಗೆ ಹೋಗಬೇಕಾದ ಸ್ಕ್ರೂಗಳನ್ನೆಲ್ಲ ಹಸಿರು ಬುಟ್ಟಿಗೆ ಹಾಕಿದೆ. ಮೇಲ್ವಿಚಾರಕರು ಬಂದು ಹೆಗಲ ಮೇಲೆ ಕೈಯಿಟ್ಟರು.

"ಏನಪ್ಪಾ, ಮನೇಲಿ ಎಲ್ಲ ಕ್ಷೇಮನಾ?"

"ದಪ್ಪ ಆಗ್ತಾ ಇದಾರೆ ಸಾರ್."

"ಯಾರು?"

"ತೀರಿಹೋದವರು."

ಅವರು ಕೈ ತೆಗೆದರು. ಮಧ್ಯಾಹ್ನದ ಮೇಲೆ ರಜೆ ಸಿಕ್ಕಿತು.

ಎರಡೂವರೆಗೆ ಮನೆ ತಲುಪಿದೆ. ಹೆಂಡತಿ ಇನ್ನೂ ಕೆಲಸದಲ್ಲಿರುವ ಹೊತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಬೀಗದ ಕೈ ತಿರುಗಿಸಿ ಸದ್ದಾಗದಂತೆ ಒಳಗೆ ಬಂದೆ. ಹಜಾರದ ಪರದೆಗಳೆಲ್ಲ ಎಳೆದಿದ್ದವು. ಆ ಮಬ್ಬಿನಲ್ಲಿ, ಅತ್ತೆಯ ಕೋಣೆಯ ಬಾಗಿಲ ಕೆಳಗಿನ ಸಂದಿಯಿಂದ ಹಳದಿ ಬೆಳಕು ಬರುತ್ತಿತ್ತು.

ನಮ್ಮ ಮನೆಯಲ್ಲಿ ಹಳದಿ ಬಲ್ಬು ಇಲ್ಲ. ಆ ಹಳದಿ ಇದ್ದದ್ದು ಸೈಕಲ್ಲಿನ ದೀಪದ ಗಾಜಿನಲ್ಲಿ ಮಾತ್ರ. ಅದಕ್ಕೆ ಬೆಳಕು ಕೊಡುವುದು ಹಿಂದಿನ ಟೈರಿಗೆ ಒತ್ತಿಕೊಂಡು ತಿರುಗುವ ಪುಟ್ಟ ಡೈನಮೊ. ಬೆಳಕು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು, ಮತ್ತೆ ಹಿಗ್ಗುತ್ತಿತ್ತು. ಬಾಗಿಲ ಆಚೆ ಯಾವುದೋ ದೊಡ್ಡ ಪ್ರಾಣಿ ಮಲಗಿ ಉಸಿರಾಡುತ್ತಿರುವಂತೆ. ಜೊತೆಗೆ ಸಣ್ಣಗೆ ಗುಂಯ್ ಎನ್ನುವ ಸದ್ದು. ಆ ಸದ್ದಿನ ನಡುವೆ ಅತ್ತೆಯ ಮಾತು.

"ಹೌದಾ?... ಆಮೇಲೆ?"

ಮೌನ. ಒಬ್ಬರು ಉತ್ತರ ಹೇಳಿ ಮುಗಿಸುವಷ್ಟು ಮೌನ.

"ಅಯ್ಯೋ, ಅಷ್ಟು ಕಡಿದಾಗಿತ್ತಾ ಏರು? ಆಗ ಏನು ಮಾಡಿದ್ರಿ?"

ಮತ್ತೆ ಮೌನ. ಆಮೇಲೆ ಅತ್ತೆ ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಳಗೆ ನುಗ್ಗಿ ಅತ್ತೆಯನ್ನು ಪಾರುಮಾಡುವುದು ಅಳಿಯನ ಧರ್ಮ. ನಾನು ಬೀದಿಯ ತುದಿಯ ಕ್ಷೌರದಂಗಡಿಗೆ ಓಡಿದೆ. ಮೂರು ದಿನದ ಹಿಂದಷ್ಟೇ ಕೂದಲು ಕತ್ತರಿಸಿಕೊಂಡಿದ್ದ ನನ್ನ ತಲೆಯನ್ನು ಕ್ಷೌರಿಕ ಆ ಕಡೆ ಈ ಕಡೆ ತಿರುಗಿಸಿ, "ಇದರಲ್ಲಿ ಏನು ತೆಗೀಲಿ ಸ್ವಾಮಿ?" ಎಂದು ಕೇಳಿದ. "ಏನಾದ್ರೂ ತೆಗಿ, ಆರು ಗಂಟೆವರೆಗೂ ತೆಗಿ," ಎಂದೆ.

ಸಂಜೆ ಹೆಂಡತಿಯ ಮುಂದೆ ಕೈಮುಗಿದೆ. "ಬೇಡ ಕಣೇ, ಆ ಸೈಕಲ್ಲು ನಾಳೇನೇ ಕೊಟ್ಟುಬಿಡೋಣ. ನನಗೆ ಕೂಟವೂ ಬೇಡ, ಸದಸ್ಯತ್ವವೂ ಬೇಡ. ನಿಮ್ಮಮ್ಮನ್ನ ಅದು ಮಾತಾಡಿಸ್ತಾ ಇದೆ."

"ಭಾನುವಾರಕ್ಕೆ ಎರಡು ದಿನ ಇದೆ. ಮಾತು ಅಂದ್ರೆ ಮಾತು." ಅವಳು ನನ್ನ ತಲೆ ನೋಡಿದಳು. "ಇದೇನ್ರೀ, ಟೈಫಾಯಿಡ್ ಬಂದವರ ಹಾಗೆ?"

ಒಳಗಿನಿಂದ ಅತ್ತೆಯ ದನಿ ಬಂತು, ಏರಿಲ್ಲದೆ ಇಳಿತವಿಲ್ಲದೆ: "ಅವರಿಗೆ ಇಲ್ಲೇ ಹಿತವಾಗಿದೆಯಂತೆ. ಹೋಗೋದಿಲ್ವಂತೆ."

ಭಾನುವಾರ ಹತ್ತು ಗಂಟೆಗೆ ರಸಿಕರು ಬಂದರು. ಅಧ್ಯಕ್ಷರು ಒಣಕಲು ಮನುಷ್ಯ. ಜೇಬಿನಲ್ಲಿ ಹಲ್ಲು ನೋಡುವ ಪುಟ್ಟ ಕನ್ನಡಿ. ಜೊತೆಗೆ ದಪ್ಪ ರಿಜಿಸ್ಟರ್ ಹೊತ್ತ ಕಾರ್ಯದರ್ಶಿ. ಅತ್ತೆ ಆ ಹೊತ್ತಿಗೆ ಅಡುಗೆಮನೆ ಸೇರಿದ್ದರು. ಹೇಗೆ ಸೇರಿದರು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಧ್ಯಕ್ಷರು ಮಡ್‌ಗಾರ್ಡಿನ ಚುಕ್ಕಿಗಳ ಮೇಲೆ ಬೆರಳಾಡಿಸಿದರು. "ಆಹಾ." ನಳಿಗೆಗಳು ಕೂಡುವ ಕಡೆ ಕನ್ನಡಿ ಹಿಡಿದರು. "ಆಹಾಹಾ. ಅರ ಹಾಕಿ ಉಜ್ಜಿದವನ ಕೈಗೆ ಮುತ್ತಿಡಬೇಕು." ಆಮೇಲೆ ಸೀಟಿನ ಹತ್ತಿರ ಬಂದರು. ಬಗ್ಗಿದರು. ಮೂಸಿದರು. ಅಂಗೈ ಊರಿದರು.

"ಅದು ಗಡಿಯಾರದವರ ಗುರುತು ಸಾರ್," ಎಂದೆ. "ಬೇರೆ ಯಾರೂ ಕೂತಿಲ್ಲ. ನಾನಂತೂ ಮುಟ್ಟೇ ಇಲ್ಲ."

"ನೀವು ಮುಟ್ಟಿಲ್ಲ ಅನ್ನೋದು ನಿಜ." ಅವರು ಕಣ್ಣು ಮುಚ್ಚಿಕೊಂಡು, ಗುಳಿಗಳಲ್ಲಿ ಹೆಬ್ಬೆರಳಾಡಿಸುತ್ತಾ ಹೇಳತೊಡಗಿದರು. "ಆದ್ರೆ ಇದು ಆರಡಿ ಗಂಡಸಿನ ಗುರುತಲ್ಲ. ಅದು ಅಡಿಯಲ್ಲಿದೆ, ಅದರ ಮೇಲೆ ಇನ್ನೊಂದು ಬಿದ್ದಿದೆ. ಬರ್ಕೊಳ್ಳಿ ಕಾರ್ಯದರ್ಶಿಗಳೇ. ಕುಳ್ಳು ದೇಹ. ಬಲಗಡೆ ಭಾರ ಹಾಕ್ತಾರೆ, ಅಂದ್ರೆ ಎಡಮಂಡಿ ನೋವು. ತೊಗಲಿಗೆ ಎಣ್ಣೆ ಇಳಿದು ಮೆತ್ತಗಾಗಿದೆ. ಮಂಡಿಗೆ ಹಚ್ಚೋ ಎಣ್ಣೆ. ಅದಕ್ಕೇ ಇಷ್ಟು ಬೇಗ ಗುಳಿ ಬಿದ್ದಿದೆ. ಈಚೆಗೆ ಎಡಗುಳಿನೂ ಆಳ ಆಗ್ತಾ ಬಂದಿದೆ. ಮಂಡಿ ವಾಸಿ ಆಗ್ತಿದೆ."

"ಸತ್ತವರ ಮಂಡಿ ವಾಸಿಯಾಗುತ್ತಾ ಸಾರ್?" ಎಂದೆ.

ಅಧ್ಯಕ್ಷರು ಕಣ್ಣು ತೆರೆದರು. "ಸತ್ತವರು ಯಾರ್ರೀ? ಸೀಟು ಇನ್ನೂ ಬೆಚ್ಚಗಿದೆ. ಹತ್ತು ನಿಮಿಷದ ಹಿಂದೆ ಇಲ್ಲಿ ಕೂತಿದ್ರು. ಈಗಲೂ ಈ ಮನೆಯಲ್ಲೇ ಇದಾರೆ."

ಕಾರ್ಯದರ್ಶಿಯ ಪೆನ್ನು ನಿಂತಿತು. ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಲು ಧೈರ್ಯವಿಲ್ಲದೆ, ಅಧ್ಯಕ್ಷರ ಕೈಯಲ್ಲಿದ್ದ ಪುಟ್ಟ ಕನ್ನಡಿಯೊಳಗೆ ನೋಡಿದೆ. ಬಾಗಿಲಲ್ಲಿ ಅತ್ತೆ. ಎರಡೂ ಕೈಯಲ್ಲಿ ಕಾಫಿ ತಟ್ಟೆ. ಕೋಲಿಲ್ಲ, ಉಸ್ಸಿಲ್ಲ.

"ಸಕ್ಕರೆ ಎಷ್ಟು ಹಾಕ್ಲಿ?" ಎಂದರು.

ಅಡುಗೆಮನೆಯಿಂದ ನನ್ನ ಹೆಂಡತಿಯ ಕೆಮ್ಮು ಕೇಳಿಸಿತು. ಈ ಸಲ ಅದು ಕೆಮ್ಮಲ್ಲ ಎಂದು ಗೊತ್ತಾಯಿತು. ಅವಳು ಕಣ್ಣೊರೆಸಿಕೊಳ್ಳುತ್ತಾ ಬಂದಳು. "ಮೊದಲ ದಿನ ಅಸ್ಥಿಪಂಜರ ಅಂತ ಅಷ್ಟೆಲ್ಲ ಬೈದಿದ್ಲಲ್ರೀ ಅಮ್ಮ. ಮಂಚದಿಂದ ಹಾಗೇ ಜಾರಿ ಹತ್ತಿ ನೋಡ್ದೆ, ಮಂಡಿಗೆ ಹಿತವಾಯ್ತು ಅಂತ ಯಾವ ಬಾಯಲ್ಲಿ ಹೇಳ್ತಾಳೆ? ನನಗೆ ಮೊದಲ ವಾರವೇ ಗೊತ್ತಾಯ್ತು."

"ಗೊತ್ತಿದ್ದೂ ನನಗೆ ಹೇಳಲಿಲ್ವಾ?"

"ಬೆಳಿಗ್ಗೆ ಎದ್ದು ನೀವು ದೆವ್ವಕ್ಕೆ ಹ್ಯಾಂಡಲ್ ಎತ್ತರಿಸ್ತಾ ಇದ್ರಿ. ಅಷ್ಟು ಚೆನ್ನಾಗಿ ಮನೆಕೆಲಸ ಮಾಡ್ತಿರೋ ಗಂಡನ್ನ ಯಾರಾದ್ರೂ ತಡೀತಾರೇನ್ರೀ?"

ನಾನು ಅತ್ತೆಯ ಕಡೆ ತಿರುಗಿದೆ. "ಸೀಟು, ಫ್ಯಾನು, ನೀರು ಎಲ್ಲ ಸರಿ ಅತ್ತೇ. ಶುಕ್ರವಾರ ಮಧ್ಯಾಹ್ನ ಯಾರ ಹತ್ರ ಮಾತಾಡ್ತಿದ್ರಿ?"

ಅತ್ತೆ ಕಾಫಿ ಲೋಟವನ್ನು ಅಧ್ಯಕ್ಷರ ಕೈಗಿತ್ತರು. "ಒಬ್ಬಳೇ ತುಳಿಯೋಕೆ ಬೇಜಾರಾಗಲ್ವೇ? ಅವರು ದಾರಿ ಹೇಳ್ತಾರೆ. ಎಲ್ಲಿ ತಿರುವು, ಎಲ್ಲಿ ಏರು ಅಂತ. ಮೊನ್ನೆ ದೊಡ್ಡದೊಂದು ಬೆಟ್ಟ ಹತ್ತಿಸಿದ್ರು."

"ಯಾರು?"

"ಗಡಿಯಾರದವರು."

ಅತ್ತೆಯ ಮುಖದಲ್ಲಿ ನಗುವಿರಲಿಲ್ಲ. ನನ್ನ ಹೆಂಡತಿಯ ನಗುವೂ ನಿಂತಿತು. ಇದು ಅವಳಿಗೂ ಹೊಸ ಸುದ್ದಿ ಎಂದು ಕಂಡಿತು. ಅಧ್ಯಕ್ಷರು ಮಾತ್ರ, ನೆರೆಮನೆಯವರ ಕ್ಷೇಮ ಕೇಳಿದವರಂತೆ ತಲೆಯಾಡಿಸಿ, "ಹೇಳ್ತಾರೆ, ಹೇಳ್ತಾರೆ. ಒಳ್ಳೇ ಸೀಟಾದ್ರೆ ಹೇಳ್ತಾರೆ," ಎಂದು ಕಾಫಿ ಹೀರಿದರು.

ಆಮೇಲೆ ರಿಜಿಸ್ಟರ್ ತೆರೆಸಿದರು. "ನಮ್ಮ ಕೂಟದ ಪದ್ಧತಿ ಒಂದೇ. ಸೀಟಿನಲ್ಲಿ ಯಾರ ಗುರುತಿದೆಯೋ ಸದಸ್ಯತ್ವ ಅವರದು. ತಾಯಿ, ಇಲ್ಲಿ ರುಜು ಮಾಡಿ."

ಅತ್ತೆ ಕನ್ನಡಕ ಏರಿಸಿ ರುಜು ಮಾಡಿದರು. ಸೈಕಲ್ಲು ಉಳಿಯಿತು. ಮಾತು ಅಂದರೆ ಮಾತು.

"ಹಾಗಾದ್ರೆ ನಾನು?" ಎಂದೆ. "ತಂದಿದ್ದು ನಾನು. ಒರೆಸಿದ್ದು ನಾನು. ಅಳೆದಿದ್ದು ನಾನು. ಕೂಟದಲ್ಲಿ ನನಗೆ ಎಲ್ಲೂ ಜಾಗ ಇಲ್ವಾ?"

ಅಧ್ಯಕ್ಷರು ನಿಜಕ್ಕೂ ಮರುಗಿದರು. ಕಾರ್ಯದರ್ಶಿಯ ಜೊತೆ ಪಿಸುಗುಟ್ಟಿದರು. ಕಾರ್ಯದರ್ಶಿ ಪುಟ ತಿರುವಿ, ಸೈಕಲ್ಲಿನ ಜೊತೆ ಬಂದ ಬಿಡಿ ಸಾಮಾನುಗಳ ಪಟ್ಟಿ ಬರೆಯುವ ಜಾಗಕ್ಕೆ ಬಂದು, ಗಟ್ಟಿಯಾಗಿ ಓದುತ್ತಾ ಬರೆದರು: "ಪಂಪು ಒಂದು. ಹಳದಿ ದೀಪ ಒಂದು. ಕ್ಯಾನ್ವಾಸ್ ಚೀಲ ಒಂದು. ಅಳಿಯ ಒಬ್ಬ." ಪೆನ್ನು ಎತ್ತಿ ಹಿಡಿದು ಕೇಳಿದರು. "ಸ್ಥಿತಿ ಏನಂತ ಬರೀಲಿ, ಅಮ್ಮ?"

ಅತ್ತೆ ನನ್ನನ್ನು ಬೋಳು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ತಂದಾಗ ಹೇಗಿತ್ತೋ ಹಾಗೇ ಇದೆ ಅಂತ ಬರೀರಿ," ಎಂದರು. "ಹೆಚ್ಚೇನೂ ಬಳಕೆಯಾಗಿಲ್ಲ."